ಕ್ಯಾಚ್ ಹಿಡಿದ ಮೇಲೆ

ಅಲ್ಲಾಳಸಂದ್ರದ ಚಿಕ್ಕಪ್ಪನಿಗೆ ಜಪಾನಿನಿಂದ ಲೋಹಿತ್ ಮಾಡೋ ನಮಸ್ಕಾರ.

ಎಂಟು ತಿಂಗಳು ಬೆಂಚಲ್ಲಿ ಕೂರಿಸಿದ್ದ ನಮ್ಮ ಬೇಸ್‌ಬಾಲ್ ಟೀಮಿನೋರು ನಿನ್ನೆ ಮೊದಲ ಸಲ ನನ್ನನ್ನ ಆಡಿಸಿದ್ರು. ಬೌಂಡರಿ ಹತ್ರ ನಿಲ್ಲಿಸಿದ್ರು. ಕೊನೇ ಸುತ್ತು, ಸ್ಕೋರು ಸಮ ಇತ್ತು. ಚೆಂಡು ಆಕಾಶಕ್ಕೆ ಹೋಗಿ ನನ್ನ ಕಡೆಗೇ ಬಂತು. ಓಡಿ, ಹಾರಿ, ಒಂದೇ ಕೈಯಲ್ಲಿ ಹಿಡಿದೆ. ಆಮೇಲೆ ಕೆರೆ ಮೈದಾನದಲ್ಲಿ ಕ್ರಿಕೆಟ್ ಆಡಿಸೋವಾಗ ನೀವು ಕಲಿಸಿದ ಹಾಗೇ, ಚೆಂಡನ್ನ ಮೇಲಕ್ಕೆ ಎಸೆದು ಎರಡೂ ಕೈ ಅಗಲಿಸಿ ನಿಂತೆ, ತಬ್ಬಿಕೊಳ್ಳೋಕೆ ಬರ್ತಾರೆ ಅಂತ.

ಯಾರೂ ಬರಲಿಲ್ಲ. ಈ ಆಟದಲ್ಲಿ ಕ್ಯಾಚ್ ಹಿಡಿದ ಮೇಲೂ ಓಡಬಹುದು ಚಿಕ್ಕಪ್ಪ. ಹೊಡೆದೋನು ಔಟಾದ, ಆದ್ರೆ ನಾನು ಕೈ ಅಗಲಿಸಿದ್ದಾಗ, ಮೊದಲೇ ಅರ್ಧ ದಾರೀಲಿ ನಿಂತಿದ್ದ ಆ ಕಡೆಯೋನೊಬ್ಬ ಓಡಿ ರನ್ ತಗೊಂಡು ಮ್ಯಾಚ್ ಗೆದ್ದ. ಆಮೇಲೆ ನನ್ನನ್ನ ತಬ್ಬಿಕೊಂಡೋನೂ ಅವನೊಬ್ಬನೇ.

ಕೋಚ್ ಬೈಲಿಲ್ಲ. ಬಗ್ಗಿ ನಮಸ್ಕಾರ ಮಾಡಿ ವಿಮಾನದ ಟಿಕೆಟ್ ಕೊಟ್ರು.

ಆರೋಗ್ಯ ಚೆನ್ನಾಗಿದೆ, ಅನ್ನ ಮಾತ್ರ ಇಲ್ಲಿ ಅಂಟು. ತಿಂಗಳ ಕೊನೆಗೆ ಬರ್ತೀನಿ. ಅಷ್ಟರಲ್ಲಿ ಸರ್ಕಲ್‌ನಲ್ಲಿ ನೀವು ಕಟ್ಟಿಸಿರೋ ‘ಅಲ್ಲಾಳಸಂದ್ರದ ಹೆಮ್ಮೆಯ ಪುತ್ರ’ ಫ್ಲೆಕ್ಸ್ ಬಿಚ್ಚಿಸಿಬಿಡಿ. ಅಮ್ಮ ಕೇಳಿದ್ರೆ, ಕ್ಯಾಚ್ ಹಿಡಿದ ಅಂತ ಹೇಳಿ. ಅದೇನೂ ಸುಳ್ಳಲ್ಲ.

ಕಾರ್ಡಲ್ಲಿ ಜಾಗ ಮುಗೀತು.
ಲೋಹಿತ್