ಒಂಬತ್ತನೇ ಮೆಟ್ಟಿಲಿನ ಕಲ್ಲು

ಕೋಥರೂಡ, ಪುಣೆ
ಭಾನುವಾರ, ೧೬ ನವೆಂಬರ್ ೨೦೨೫

ನನ್ನ ಮುದ್ದಿನ ಮಗಳು ಸುಮಂಗಲಾಳಿಗೆ,

ನಿಮ್ಮವ್ವ ದಿನಾ ಸಂಜೆ ನಿನಗೆ ಫೋನು ಮಾಡಿ, ನಾನು ಎಷ್ಟು ರೊಟ್ಟಿ ತಿಂದೆ, ಎಷ್ಟು ಸಲ ಕೆಮ್ಮಿದೆ ಎಂಬುದನ್ನೆಲ್ಲ ಒಪ್ಪಿಸುತ್ತಿರುವಾಗ ಇಲ್ಲಿಯ ಕ್ಷೇಮವನ್ನು ನಾನು ಬೇರೆ ಬರೆಯುವುದು ಬೇಡ. ದೀಪಾವಳಿ ಮುಗಿಸಿ ಧಾರವಾಡಕ್ಕೆ ಹೊರಟಾಗ ನೀನು, "ಅಪ್ಪಾ, ನಾವು ಸೈಕಲ್ ಮ್ಯಾಲೆ ತಿರುಗಿದ್ದೆಲ್ಲಾ ಬರದು ಕಳಸು. ಗೌಂಡಿ ಕಣ್ಣಿಗೆ ಕಂಡದ್ದು ನನಗ ಕಂಡಿರಂಗಿಲ್ಲ" ಅಂದಿದ್ದೆ. ಎಂಟು ದಿನದಲ್ಲಿ ಬರೆಯುತ್ತೇನೆಂದು ಮಾತು ಕೊಟ್ಟವನು ಇಪ್ಪತ್ತು ದಿನ ಮಾಡಿದೆ. ತಪ್ಪಾಯಿತು, ಮಗಳೇ. ಮೂವತ್ತೈದು ವರ್ಷ ಗಾರೆ ಕೆಲಸದಲ್ಲಿ ಥಾಪಿ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ ಎಂದು ನೆಪ ಹೇಳಬಹುದು. ಆದರೆ ಪೆನ್ನಿನ ತಪ್ಪೇನೂ ಇಲ್ಲ.

ಕಳೆದ ಬುಧವಾರ ಫೋನಿನಲ್ಲಿ ನಿನ್ನ ದನಿ ಸಣ್ಣದಾಗಿತ್ತು. ಈ ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕು, ಬಾವಿಯ ಕಲ್ಲು ಸಿಗಲಿಲ್ಲ, ಹಾಗಾಗಿ ಆ ಪುಟದಲ್ಲಿ "ಶಾಸನ ನಷ್ಟವಾಗಿದೆ" ಎಂದು ಬರೆದು ಮುಗಿಸುತ್ತೇನೆ ಅಂದೆ. ಎರಡು ವರ್ಷ ಅದೊಂದು ಕಲ್ಲಿಗಾಗಿ ಒದ್ದಾಡಿದವಳು ಆ ಎರಡು ಶಬ್ದ ಹೇಳುವಾಗ ಹೇಗಾಗಿರಬೇಕೆಂದು ನನಗೆ ಗೊತ್ತು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ನಿಮ್ಮವ್ವ ಮಾತ್ರ, "ಅರವತ್ತಕ್ಕ ಬಂದ ಮ್ಯಾಲೆ ಸೈಕಲ್ ಬೇಕಾಗಿತ್ತೇನ್ರಿ ನಿಮಗ? ಹೊಟ್ಟಿ ಕೆಟ್ಟೈತಿ, ಮತ್ತೇನಿಲ್ಲ" ಎಂದು ಓಮಕಾಳಿನ ನೀರು ಕುಡಿಸುತ್ತಿದ್ದಾಳೆ.

ಇರಲಿ. ಕಂಡದ್ದನ್ನು ಬರೆಯುತ್ತೇನೆ, ನಿನ್ನ ಪ್ರಬಂಧಕ್ಕೆ ಉಪಯೋಗವಾದರೆ ಆಗಲಿ.

ನಾವು ಸೈಕಲ್ ಹೊಡೆದ ಆ ಕಾಲುವೆಯನ್ನು ಪುಣೆ ಊರೊಳಗೆ ನಾನು ಸಾವಿರ ಸಲ ದಾಟಿದ್ದೇನೆ. ನನ್ನ ಪಾಲಿಗೆ ಅದು ಪ್ಲಾಸ್ಟಿಕ್ ಚೀಲ ತೇಲುವ ಒಂದು ದೊಡ್ಡ ಗಟಾರ, ಅಷ್ಟೇ. ಕಾಲುವೆಯ ದಂಡೆ ಹಿಡಿದು ಮೂರು ದಿನ ಸೈಕಲ್ ಹೊಡೆಯೋಣ, ಹಳೆಯ ಗುಡಿ, ಬಾವಿ, ಸೇತುವೆ ನೋಡೋಣ ಎಂದು ನೀನು ಅಂದಾಗ ಮನಸ್ಸಿನಲ್ಲೇ ನಕ್ಕಿದ್ದೆ. ಹಡಪಸರ ಹಿಂದೆ ಬಿತ್ತು, ಲೋಣಿ ದಾಟಿತು, ಲಾರಿಗಳ ಸದ್ದು ಇಲ್ಲದಾಯಿತು. ಒಂದು ಕಡೆ ಕಬ್ಬು, ಇನ್ನೊಂದು ಕಡೆ ದಂಡೆ ತುಂಬ ಹರಿಯುವ ನೀರು, ನಡುವೆ ನಮ್ಮ ಎರಡು ಸೈಕಲ್. ಒಂದು ಮಿಂಚುಳ್ಳಿ ಎಷ್ಟೋ ದೂರ ನಮ್ಮ ಮುಂದೆ ಮುಂದೆ ಹಾರಿ ಹಾರಿ ಕೂತಿತು. ಇದು ಅದೇ ನೀರು ಹೌದೋ ಅಲ್ಲವೋ ಎಂದು ಇಳಿದು ಬೊಗಸೆಯಲ್ಲಿ ಹಿಡಿದು ನೋಡಿದೆ. ನೀನು ನಕ್ಕೆ.

ಮುಂದೆ ಆ ಹಳ್ಳ ಬಂದಿತಲ್ಲ, ಅಲ್ಲಿ ನಾನು ಸೈಕಲ್ ಇಳಿದುಬಿಟ್ಟೆ. ಕೆಳಗೆ ಹಳ್ಳ, ಅದರ ಮೇಲೆ ಕಲ್ಲಿನ ಕಮಾನುಗಳು, ಆ ಕಮಾನುಗಳ ತಲೆಯ ಮೇಲೆ ಇಡೀ ಕಾಲುವೆ! ನೂರೈವತ್ತು ವರ್ಷದಿಂದ ಅಷ್ಟು ನೀರನ್ನು ಹೊತ್ತುಕೊಂಡು ನಿಂತಿವೆ ಎಂದು ನೀನು ಹೇಳಿದೆ. ನಾನು ಕೆಳಗಿಳಿದು ಕಮಾನಿನ ಹೊಟ್ಟೆಗೆ ಅಂಗೈ ಇಟ್ಟೆ. ತಣ್ಣಗಿತ್ತು, ಹನಿಯೂ ಜಿನುಗಿರಲಿಲ್ಲ. ಸಂದಿಯಲ್ಲಿ ಉಗುರು ತೂರಿಸಲು ನೋಡಿದೆ, ಆಗಲಿಲ್ಲ. ನಾನು ಕಟ್ಟಿದ ಬಾಲ್ಕನಿಗಳು ಹತ್ತು ಮಳೆಗಾಲಕ್ಕೆ ಸೋರುತ್ತವೆ, ಸುಮಾ. ಇದನ್ನು ಕಟ್ಟಿದವರೂ ನಮ್ಮ ಹಾಗೆ ಬುತ್ತಿ ಕಟ್ಟಿಕೊಂಡು ಬಂದವರೇ. ನಾನು ಕೈಮುಗಿದು ನಿಂತಾಗ ನೀನು ಫೋಟೊ ತೆಗೆದೆ. ದೇವರಿಗೆ ಮುಗಿದದ್ದಲ್ಲ ಅದು.

ಎರಡನೇ ದಿನ ಯವತದಿಂದ ಭುಲೇಶ್ವರದ ಗುಡ್ಡ. "ಅಪ್ಪಾ, ಗೇರ್ ಇಳಸು" ಎಂದು ನೀನು ಮುಂದಿನಿಂದ ಕೂಗಿದೆ. ನನ್ನ ಸೈಕಲ್ಲಿಗಿರುವ ಗೇರು ಎರಡೇ, ಎಡ ಮೊಣಕಾಲು ಮತ್ತು ಬಲ ಮೊಣಕಾಲು. ತಳ್ಳಿಕೊಂಡೇ ಹತ್ತಿದೆ. ಹೊರಗಿನಿಂದ ಮಂಕು ಕೋಟೆಯ ಹಾಗಿದ್ದ ಗುಡಿ, ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಕತ್ತಲೆಗೆ ಕಣ್ಣು ಹೊಂದಿದ ಹಾಗೆ ಗೋಡೆಯಿಂದ ಒಬ್ಬೊಬ್ಬರೇ ಎದ್ದು ಬಂದರು. ಆನೆಗಳು, ಕುದುರೆಗಳು, ನಿಂತ ಭಂಗಿಯಲ್ಲೇ ಮಾತಾಡುವ ಹೆಣ್ಣುಗಳು. ಮೂಗು ಒಡೆದಿದ್ದರೂ ಮುಖದ ಕಳೆ ಹೋಗಿರಲಿಲ್ಲ. ಒಂದು ಹೆಣ್ಣಿನ ಸೊಂಟದ ಡಾಬಿನಲ್ಲಿ ಮಣಿ ಮಣಿಯನ್ನೂ ಬೇರೆಬೇರೆ ಬಿಡಿಸಿದ್ದ ಆ ಪುಣ್ಯಾತ್ಮ. ಉಳಿ ಒಂದು ಸಲ ಜಾರಿದ್ದರೂ ಆರು ತಿಂಗಳ ಕೆಲಸ ಮಣ್ಣುಪಾಲು. ಅವನ ಹೆಸರು ಎಲ್ಲೂ ಇಲ್ಲ ಎಂದು ನೀನು ಹೇಳಿದಾಗ ನಾನು ಆ ಡಾಬಿನ ಮೇಲೆ ಬೆರಳಾಡಿಸಿದೆ. "ಅದಕ್ಕಽ ಅಪ್ಪಾ ನನಗ ಅಕ್ಷರ ಇರೋ ಕಲ್ಲು ಅಂದ್ರ ಜೀವ" ಅಂದೆ. "ಒಂದು ಸಾಲು ಸಿಕ್ಕರೂ ಯಾರೋ ಒಬ್ಬರು ಬದುಕತಾರ."

ಮೂರನೇ ದಿನ ನಿನ್ನ ಬಾವಿ. ನಿಮ್ಮ ಸರ್ ಅವರ ಗುರುಗಳು ಐವತ್ತು ವರ್ಷದ ಹಿಂದೆ ಬರೆದಿಟ್ಟ ಟಿಪ್ಪಣಿಯನ್ನು ನೀನು ದಾರಿಯುದ್ದಕ್ಕೂ ಬಾಯಿಪಾಠ ಹೇಳುತ್ತಿದ್ದೆ: ಕಾಲುವೆಯ ಪಕ್ಕದ ಮೆಟ್ಟಿಲುಬಾವಿ, ಮೇಲಿನಿಂದ ಒಂಬತ್ತನೇ ಮೆಟ್ಟಿಲು, ಕನ್ನಡ ಅಕ್ಷರ, ಏಳು ಸಾಲು. ಎರಡು ಸಾಲು ಬರೆದುಕೊಳ್ಳುವಷ್ಟರಲ್ಲಿ ಅವರಿಗೆ ಜ್ವರ ಬಂದು, ಉಳಿದದ್ದಕ್ಕೆ ಮತ್ತೆ ಬರುತ್ತೇನೆಂದು ಹೋದವರು ಬರಲೇ ಇಲ್ಲವಂತೆ. ಪುಣೆಯ ಮಗ್ಗುಲಲ್ಲಿ ಕನ್ನಡದ ಕಲ್ಲು! ನಿನ್ನ ಎರಡು ವರ್ಷದ ಹುಡುಕಾಟವೆಲ್ಲ ಆ ಕಲ್ಲಿಗೆ ಬಂದು ಮುಟ್ಟಬೇಕಿತ್ತು.

ಬಾವಿ ನೋಡಿದರೆ ಯಾರಿಗಾದರೂ ಬೆರಗಾಗಬೇಕು. ನೆಲದ ಮೇಲೆ ಏನೂ ಇಲ್ಲ, ಕೆಳಗೆ ಒಂದು ಅರಮನೆ. ನೀನು ಒಂದೊಂದು ಮೆಟ್ಟಿಲನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದು, ಮಂಡಿಯೂರಿ ನೋಡಿದೆ. ಒಂಬತ್ತನೆಯದು ಬೋಳು. ಹತ್ತನೆಯದು ಬೋಳು. ಹನ್ನೊಂದರಾಚೆಗೆ ನೀರು. ಆಗ ಮೇಲಿನಿಂದ ಇಳಿದು ಬಂದರಲ್ಲ ಪ್ರಲ್ಹಾದ ಅಂತ, ಮೊದಲು ಕಾಲುವೆಯ ತೂಬು ನೋಡಿಕೊಳ್ಳುತ್ತಿದ್ದ ಮುದುಕರು. ಅವರು ಮರಾಠಿಯಲ್ಲಿ ಹೇಳಿದರು, ಬರಗಾಲದ ವರ್ಷ ಬಾವಿಯ ದುರಸ್ತಿಗೆ ಕಾನಡಿ ಗೌಂಡಿಗಳು ಬಂದಿದ್ದರು, ಅವರು ಹೋದ ಮೇಲೆ ಆ ಅಕ್ಷರದ ಕಲ್ಲನ್ನು ಯಾರೂ ಕಂಡಿಲ್ಲ ಎಂದು.

ನೀನು ಆ ಒಂಬತ್ತನೇ ಮೆಟ್ಟಿಲ ಮೇಲೇ ಕೂತುಬಿಟ್ಟೆ. "ಕನ್ನಡದವ್ರಽ ಕನ್ನಡದ ಕಲ್ಲು ಹಾಳು ಮಾಡ್ಯಾರಲ್ಲಪ್ಪಾ! ಒಂದಽ ಒಂದು ಸಲ ಕಣ್ಣು ಬಿಟ್ಟು ನೋಡಬಾರದಿತ್ತಾ ಆ ಗೌಂಡಿ?" ಎಂದು ನನ್ನ ಕೈ ಹಿಡಿದುಕೊಂಡು ಅತ್ತೆ. ನಾನು ನಿನ್ನ ತಲೆ ಸವರಿದೆ. ತಿರುಗಿ ಬರುವಾಗ ಮಾತಾಡಲಿಲ್ಲ ಎಂದು ನೀನು ಬೇಜಾರು ಮಾಡಿಕೊಂಡಿರಬಹುದು. ಮೊಣಕಾಲು ನೋವು ಅಂದಿದ್ದೆ.

ಮನೆಯ ಸುದ್ದಿ ಹೆಚ್ಚೇನಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸ ಜೋರಾಗಿದೆ, ನಿಮ್ಮವ್ವ ಸಂಜೆ ಕಣ್ಣೊರೆಸಿಕೊಳ್ಳುತ್ತಲೇ ಮನೆಗೆ ಬರುತ್ತಾಳೆ. ಹಾಸ್ಟೆಲಿನಲ್ಲಿ ಥಂಡಿ ಇದ್ದರೆ ಕೌದಿ ಕಳಿಸುತ್ತಾಳಂತೆ. ಶೇಂಗಾ ಚಟ್ನಿಯನ್ನು ಗೆಳತಿಯರಿಗೆಲ್ಲ ಹಂಚಿ ನೀನು ಬರೀ ಅನ್ನ ತಿನ್ನಬೇಡ.

ನೀನು ನಡೆದ ದಾರಿಯೆಲ್ಲ ನಿನಗೆ ಒಲಿಯಲಿ, ಮಗಳೇ. ನಿನ್ನ ಕಣ್ಣು ಎಂದೂ ದಣಿಯದಿರಲಿ.

ಇಂತಿ ನಿನ್ನ ಅಪ್ಪ,
ಅವ್ವಣ್ಣ

ತಾಜಾ ಕಲಂ: ಸುಮಾ, ಕಾಗದ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಆ ಗೌಂಡಿ ನಾನೇ.

ಎರಡು ಸಾವಿರದ ಮೂರನೇ ಇಸವಿ. ನೀನು ವರ್ಷದ ಕೂಸು. ಗುತ್ತಿಗೆದಾರರು ನಮ್ಮನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಿದ್ದರು, ಊರ ಹೆಸರು ಕೇಳಿದವರು ಯಾರು? ಮೊನ್ನೆ ನಿನ್ನ ಹಿಂದೆ ನಾಲ್ಕು ಮೆಟ್ಟಿಲು ಇಳಿಯುವವರೆಗೂ ನನಗೆ ಗುರುತು ಹತ್ತಿರಲಿಲ್ಲ. ಆಮೇಲೆ ನನ್ನದೇ ಕೈಕೆಲಸ ಕಂಡಿತು.

ಆ ಕಲ್ಲನ್ನು ನಾನು ಕಣ್ಣು ಬಿಟ್ಟೇ ನೋಡಿದ್ದೆ. ನೀರು ಸುರಿದು ತೊಳೆದಾಗ ಏಳು ಸಾಲೂ ಎದ್ದು ನಿಂತವು. ಹಳೆಯ ಲಿಪಿ, ಓದಲು ಬರಲಿಲ್ಲ, ಆದರೆ ರ, ನ, ಮ ಗುರುತು ಸಿಕ್ಕವು. ಪರವೂರಿನ ಬಾವಿಯೊಳಗೆ ನಮ್ಮ ಅಕ್ಷರ ಕಂಡು ಮೈ ಜುಮ್ಮೆಂದಿತು. ಅದರ ಮೇಲೆ ಜನ ಕಾಲಿಟ್ಟು ಓಡಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಹಾಳೆಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ತಡೆಯಲಾಗಲಿಲ್ಲ. ನಾಲ್ಕು ಜನ ಸೇರಿ ಕಲ್ಲನ್ನು ಎತ್ತಿ ಮಗುಚಿದೆವು. ಕಾಲು ಬಿದ್ದರೆ ಬೆನ್ನಿನ ಮೇಲೆ ಬೀಳಲಿ ಎಂದು ಅಕ್ಷರದ ಮುಖ ಕೆಳಗೆ ಮಾಡಿ ಕೂರಿಸಿದೆ. ಅಕ್ಷರಕ್ಕೆ ಕಾಲು ತಾಗಬಾರದೆಂದು ಗೊತ್ತಿತ್ತು. ಅದನ್ನು ಓದಲು ಯಾರಾದರೂ ಬಂದಾರು ಎಂದು ಹೊಳೆಯಲಿಲ್ಲ.

ನೀನು ಅದರ ಮೇಲೇ ಕೂತು ಅಳುತ್ತಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಆದರೆ ನನ್ನ ಕೈ ನಿನ್ನ ಕೈಯಲ್ಲಿತ್ತು, ಬಿಟ್ಟುಬಿಡುತ್ತೀಯೇನೋ ಎಂದು ಹೆದರಿದೆ. ನಿನ್ನ ಅಪ್ಪನಾದ ನಾನು ನಿನಗೇ ಹೆದರಿದೆ.

ಕಲ್ಲು ಹಾಳಾಗಿಲ್ಲ. ಅಕ್ಷರಕ್ಕೆ ಸಿಮೆಂಟು ಹತ್ತಬಾರದೆಂದು ಅಡಿಗೆ ಬರೀ ಉಸುಕು ಹಾಸಿದ್ದೇನೆ. ಎಡ ಅಂಚು ಮಾತ್ರ ಸಿಮೆಂಟಿನಲ್ಲಿ ಕಚ್ಚಿದೆ, ಆ ಕಡೆಯಿಂದ ಹಾರೆ ಹಾಕಿದರೆ ಕಲ್ಲು ಸೀಳುತ್ತದೆ. ಬಲಗಡೆಯಿಂದ ಎತ್ತಬೇಕು, ನಿಧಾನ. ನಿಮ್ಮ ಸರ್‌ಗೆ ಹೇಳಿ ಸರಕಾರದ ಒಪ್ಪಿಗೆ ತೆಗೆದುಕೊಳ್ಳಿರಿ. ಎತ್ತುವ ದಿನ ನಾನು ಬರಬೇಕೋ ಬೇಡವೋ ನೀನೇ ಹೇಳು.

"ಶಾಸನ ನಷ್ಟವಾಗಿದೆ" ಎಂದಿರುವ ಆ ಪುಟ ಹೊಡೆದುಹಾಕು. ಅವ್ವಣ್ಣ ಎಂಬ ಗೌಂಡಿ ಕಲ್ಲನ್ನು ಮಗುಚಿ ಹಾಕಿದ್ದಾನೆ ಎಂದು ಬರೆ. ನಿನ್ನ ಹೆಸರಿನ ಜೊತೆಗೆ ನನ್ನ ಹೆಸರನ್ನೂ ಸೇರಿಸಿ ಬರೆಯುವುದು ಈ ಕಡೆಯ ಪದ್ಧತಿ, ನಿನ್ನ ಕಾಗದಪತ್ರಗಳಲ್ಲೆಲ್ಲ ಹಾಗೇ ಇದೆ, ಪ್ರಬಂಧದ ಮೊದಲ ಪುಟದಲ್ಲೂ ಹಾಗೇ ಬರುತ್ತದೆ. ಓದಿದವರಿಗೆ ಅದು ನಿನ್ನ ಅಪ್ಪನೇ ಎಂದು ಗೊತ್ತಾಗುತ್ತದೆ. ಗೊತ್ತಾಗಲಿ.