ಎರಡನೇ ಲೋಡು

ಫೆಬ್ರವರಿ 3, ಸೋಮವಾರ. ಮಧ್ಯಾಹ್ನ 12.10

ಮೆಷಿನ್ 41 ನಿಮಿಷ ತೋರಿಸುತ್ತಿದೆ. ಅಷ್ಟು ಹೊತ್ತು ನನ್ನದು. ಗಗನ ಮಲಗಿದ್ದಾಳೆ — ಮಲಗಿದ್ದಾಳೆ ಅಂತ ಬರೆದರೆ ಎದ್ದುಬಿಡುತ್ತಾಳೇನೋ ಅಂತ ಭಯ. ಹೆತ್ತು ಐದು ತಿಂಗಳಾಯಿತು, ಒಟ್ಟಿಗೆ ಮೂರು ಗಂಟೆ ನಿದ್ದೆ ಕಂಡಿಲ್ಲ. ತಲೆಯೊಳಗೂ ಏನೋ ತಿರುಗುತ್ತಲೇ ಇರುತ್ತದೆ, ಸ್ಪಿನ್ ಥರ.

ಮೊದಲ ಲೋಡು ಬೆಳಿಗ್ಗೆ ಎಂಟಕ್ಕೆ ಅತ್ತೆ ಹಾಕಿದರು. ಅವರದು, ಮಾವನದು, ಚಲುವನದು. ಅತ್ತೆಯ ಕ್ರಮವೇ ಬೇರೆ. ಕಾಲರು, ಪಂಚೆ ಅಂಚು ಮೊದಲು ಕಲ್ಲಿನ ಮೇಲೆ ಸೋಪು ಹಚ್ಚಿ ಉಜ್ಜಬೇಕು, ಆಮೇಲೆ ಮೆಷಿನ್. "ಮಿಸಿನ್ನು ಜಾಲ್ಸಕ್ಕೆ ಅಷ್ಟೆ ಕಣಮ್ಮ. ಕೊಳೆ ಕೈಯಲ್ಲೇ ಓಗ್ಬೇಕು." ಪೌಡರ್ ಟ್ರೇಗೆ ಹಾಕುವುದಿಲ್ಲ, ಮಗ್ಗಿನಲ್ಲಿ ಕದಡಿ ಮೇಲಿಂದ ಸುರಿಯುತ್ತಾರೆ. ಚಲುವ ಹಾಕಿದರೆ ಜೇಬಿನ ಚೀಟಿ, ಪೆನ್ನು ಸಮೇತ. ನಾನು ಎಲ್ಲವನ್ನೂ ಒಳಮಗ್ಗುಲು ತಿರುಗಿಸಿ, ಗಗನಳದ್ದು ಬಲೆ ಚೀಲದಲ್ಲಿ, ಪೌಡರ್ ಅರ್ಧ, ರಿನ್ಸ್ ಎರಡು ಸಲ ಜಾಸ್ತಿ. ಇಲ್ಲಿಯ ಬೋರ್ ನೀರು ಗಡಸು. ಸೋಪು ಉಳಿದರೆ ಮಗುವಿನ ಕುತ್ತಿಗೆ ಮಡಿಕೆಯಲ್ಲಿ ಗುಳ್ಳೆ.

ಎರಡನೇ ಲೋಡು ನಮ್ಮಿಬ್ಬರದು. ನಾನು, ಗಗನ. ಮದ್ದೂರು ಹತ್ತಿರದ ಈ ಕೊಪ್ಪಕ್ಕೆ ಬಂದ ಮೊದಲ ದಿನವೇ ಅತ್ತೆ ಹೇಳಿದ್ದು: "ನಿನ್ ಬಟ್ಟೆ ಬಣ್ಣ ಬುಡ್ತವೆ ಕಣಮ್ಮ. ನಮ್ದು ಆದ್ಮ್ಯಾಕೆ ಹಾಕ್ಕೊ."

ಅವರು ಗೌಡರು. ನಾವು ಎಸ್‌.ಸಿ. ಮಂಡ್ಯದಲ್ಲಿ ಬಿ.ಇಡಿ ಮಾಡುವಾಗ ಚಲುವ ಸಿಕ್ಕಿದ್ದು, ಆಮೇಲೆ ರಿಜಿಸ್ಟರ್ ಮದುವೆ, ಮದ್ದೂರಿನಲ್ಲಿ ಬಾಡಿಗೆ ಮನೆ. ಬಸುರಿ ಅಂತ ಗೊತ್ತಾದ ಮೇಲೆ ಕರೆಸಿಕೊಂಡರು. ಜಾತಿ ಅನ್ನುವ ಪದ ಈ ಮನೆಯಲ್ಲಿ ಒಂದು ದಿನವೂ ಬಂದಿಲ್ಲ. ಜೊತೆಯಲ್ಲೇ ಊಟ. ಅಡಿಗೆ ಮನೆಗೂ ಹೋಗುತ್ತೇನೆ. ಬಟ್ಟೆ ಮಾತ್ರ.

ನನ್ನದು ಬೇರೆ ಆದರೆ ಆಗಲಿ. ಗಗನಳದ್ದು ಯಾಕೆ? ಚಲುವನ ಮಗಳು. ಅವಳ ಬಟ್ಟೆ ಮೊದಲ ಲೋಡಿಗೆ ಬೀಳಬೇಕು. ನನಗೆ ಇಷ್ಟೇ ಬೇಕಾಗಿರುವುದು. ದೊಡ್ಡದೇನೂ ಕೇಳುತ್ತಿಲ್ಲ...

ಎದ್ದಳು.

ಫೆಬ್ರವರಿ 5, ಬುಧವಾರ

ಚಲುವನಿಗೆ ಹೇಳಿದೆ. ಕಾಲೇಜಿನ ಪೇಪರ್ ತಿದ್ದುತ್ತಲೇ ಕೇಳಿಸಿಕೊಂಡ.

"ಮಗು ಬಟ್ಟೆ ಸಪರೇಟ್ ಹಾಕಿ ಅಂತ ಡಾಕ್ಟ್ರೇ ಹೇಳಿದಾರಲ್ಲ ಮೋಹಿ."

"ಸಪರೇಟ್ ಅಲ್ಲ ಅದು, ನನ್ ಜೊತೆ."

"ತಾಯಿ ಜೊತೆ. ಒಳ್ಳೇದೇ ಅಲ್ವಾ?"

ಎಷ್ಟು ಸಲೀಸಾಗಿ ಹೇಳುತ್ತಾನೆ. ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುವ ದನಿಯಲ್ಲೇ.

ಫೆಬ್ರವರಿ 8, ಶನಿವಾರ. ಸಂಜೆ

ನಾದಿನಿ ದೀಪಿಕ ಮಂಡ್ಯದಿಂದ ಬಂದಿದ್ದಳು, ಮಗ ಸ್ವರೂಪ್ ಜೊತೆ. ಮೂರು ವರ್ಷದವನು. ಗದ್ದೆ ಕೆಸರು, ಚಡ್ಡಿಯಲ್ಲಿ ಉಚ್ಚೆ, ಎಲ್ಲ ಮೊದಲ ಲೋಡಿಗೆ. ಅವನ ಕೆಂಪು ಟೀ ಶರ್ಟು ನಿಜಕ್ಕೂ ಬಣ್ಣ ಬಿಟ್ಟಿತು. ಮಾವನ ಬನಿಯನ್ ತೆಳು ಗುಲಾಬಿ. ಅತ್ತೆ ನಕ್ಕರು. "ನೋಡ್ಲಾ ಸ್ವರೂಪ, ನಿಮ್ ತಾತಂಗೆ ಓಳಿ ಆಡ್ಸ್‌ಬುಟ್ಟೆ!"

ನನ್ನ ಬಕೆಟ್ಟಿನಲ್ಲಿ ಗಗನಳ ಬಿಳಿ ಅಂಗಿ. ಅಚ್ಚ ಬಿಳಿ.

ಕೇಳಿಯೇಬಿಟ್ಟೆ: "ಅತ್ತೆ, ಇದೂ ಒಂದು ಹಾಕ್ಬಿಡ್ಲಾ?"

"ತುಂಬೋಯ್ತು ಕಣಮ್ಮ ಡಬ್ಬ" ಅಂದು ಮುಚ್ಚಳ ಹಾಕಿದರು. ತುಂಬಿರಲಿಲ್ಲ. ನೋಡಿದೆ.

ಫೆಬ್ರವರಿ 9, ಭಾನುವಾರ

ಪ್ರಯೋಗ ಮಾಡಿದೆ. ಕೆಮಿಸ್ಟ್ರಿ ಓದಿದವಳು, ಇಷ್ಟಕ್ಕಾದರೂ ಬರಲಿ. ನನ್ನ ಒಟ್ಟು ಬಟ್ಟೆ ಇಪ್ಪತ್ತಮೂರು. ಒಂದೊಂದನ್ನೂ ಉಪ್ಪುನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಿಳಿ ಕರ್ಚೀಫಿನಲ್ಲಿ ಒತ್ತಿ ನೋಡಿದೆ. ಬಣ್ಣ ಬಿಟ್ಟದ್ದು ನಾಲ್ಕು. ಆ ನಾಲ್ಕನ್ನೂ, ಜೊತೆಗೆ ಬಿಡದಿದ್ದರೂ ಕೆಂಪಾಗಿದ್ದವನ್ನೆಲ್ಲ, ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದೆ. ಇನ್ನು ಕ್ರೀಮು, ಬಿಳಿ, ತೆಳು ಹಳದಿ ಅಷ್ಟೆ.

ಮಿಕ್ಕವನ್ನು ಒತ್ತಿದ ಬಿಳಿ ಕರ್ಚೀಫು ತಗೊಂಡು ಹೋಗಿ ಅತ್ತೆಗೆ ತೋರಿಸಿದೆ. ಅವರೆಕಾಯಿ ಸುಲಿಯುತ್ತಿದ್ದರು. ಕರ್ಚೀಫು ನೋಡಲಿಲ್ಲ, ನನ್ನನ್ನು ನೋಡಿದರು. ಸಿಟ್ಟೇ ಇರಲಿಲ್ಲ ಮುಖದಲ್ಲಿ.

"ಇವತ್ ಬುಡ್ದಿದ್ರೆ ನಾಳಿಕ್ ಬುಡ್ತವೆ. ಉಟ್ತಾನೇ ಬಂದಿದ್ ಬಣ್ಣ ಎಲ್ಲಿಗೋದಾತು ತಾಯಿ?"

ಒಂದು ಕಾಯಿ ನನ್ನ ಕೈಗೂ ಕೊಟ್ಟರು, ಸುಲಿ ಅಂತ. ಸುಲಿದೆ.

ಫೆಬ್ರವರಿ 21, ಶುಕ್ರವಾರ. 11.30

ಬರೆಯಲೇಬೇಕು. ಇವತ್ತು ಗೆದ್ದೆ.

ಮಾವನಿಗೆ ಡೇರಿಯಲ್ಲಿ ಮೀಟಿಂಗ್. ಬಿಳಿ ಪಂಚೆ, ಬಿಳಿ ಶರ್ಟು ಎಲ್ಲ ಮೊದಲ ಲೋಡಿನಲ್ಲಿ. ನಡುವೆ ಕರೆಂಟು ಹೋಯಿತು. ಸೋಪಿನ ನೀರಿನಲ್ಲೇ ಬಟ್ಟೆ ನಿಂತುಬಿಟ್ಟಿತು. ಅರ್ಧ ಗಂಟೆ ಕಾದು ಅತ್ತೆ ಮುಚ್ಚಳ ತೆಗೆದರು.

"ಅಯ್ಯಯ್ಯೋ! ಬಾರ್ಲಾ ಚಲುವ, ನೋಡ್ ಬಾ ನಿನ್ನೆಂಡ್ತಿ ಗೇಮೆ!"

ಓಡಿದೆ. ಪಂಚೆ ಮೇಲೆ ಇಟ್ಟಿಗೆ ಬಣ್ಣದ ಕಲೆ. ಶರ್ಟಿನ ಬೆನ್ನ ತುಂಬ. ಪಕ್ಕದ ಮನೆಯವರೂ ಬೇಲಿ ಹತ್ತಿರ ಬಂದರು.

"ನೆನ್ನೆ ಇವಳು ಹಾಕ್ಕಂಡಿದ್ ಬಣ್ಣ ಒಳೀಕೇ ಉಳ್ಕಂಡದೆ. ಬಡ್ಕಂಡೆ, ಬಣ್ಣ ಬುಡ್ತವೆ ಅಂತ. ಓದ್ದೋಳು, ಕೇಳ್ತಾಳಾ?"

"ನನ್ ಹತ್ರ ಕೆಂಪು ಬಟ್ಟೆಯೇ ಇಲ್ಲ ಅತ್ತೆ."

"ಮತ್ ಆಕಾಸ್‌ದಿಂದ ಉದುರ್ತಾ?"

ಪಂಚೆ ಮೂಸಿ ನೋಡಿದೆ. ಗೊತ್ತಾಗಿಹೋಯಿತು. ಅಡಿಗೆ ಮನೆಯಿಂದ ನಿಂಬೆಹಣ್ಣು ತಂದೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಮಾಡಿಸುವ ಪ್ರಯೋಗ. ಅರಿಶಿನ ಸೋಪಿಗೆ ಕೆಂಪಾಗುತ್ತದೆ, ಹುಳಿಗೆ ಮತ್ತೆ ಹಳದಿ. ಚಲುವ ಜಗುಲಿಯಿಂದ ನೋಡುತ್ತಿದ್ದ. ನಾನು ಹಿಂಡುವ ಮೊದಲೇ ಅವನ ಮುಖ ಇಳಿದಿತ್ತು.

ಹಿಂಡಿದೆ. ಎಲ್ಲರ ಕಣ್ಣೆದುರಿಗೆ ಕೆಂಪು ಕರಗಿ ಹಳದಿ ಆಯಿತು.

"ಇದು ಬಟ್ಟೆ ಬಣ್ಣ ಅಲ್ಲ. ಅರಿಶಿನ. ಮೆಷಿನ್‌ಗೆ ಅರಿಶಿನ ಹಾಕಿದ್ದು ಯಾರು?"

ಅತ್ತೆ ತಡವರಿಸುತ್ತಾರೆ ಅಂದುಕೊಂಡಿದ್ದೆ.

"ನಾನೇ ಕಣಮ್ಮ. ದಿನಾ ಉಯ್ತೀನಿ. ನಿನ್ ಬಟ್ಟೆ ಎತ್ಕಂಡ್ಮ್ಯಾಕೆ ಒಂದ್ ಚೊಂಬು. ಮಿಸಿನ್ನು ಸುದ್ದ ಆಗ್ಬ್ಯಾಡ್ವಾ? ನೆನ್ನೆ ಒಂಚೂರು ಜಾಸ್ತಿ ಬಿದ್ದಂಗದೆ."

ಬೇಲಿ ಹತ್ತಿರ ನಿಂತವರು ಅದರಲ್ಲಿ ಅನ್ನುವಂಥದ್ದೇನಿದೆ ಅನ್ನುವ ಹಾಗೆ ಒಳಗೆ ಹೋದರು. ಮಾವ ಪಂಚೆ ಎತ್ತಿ ಹಿಡಿದು, "ಬುಡವ್ವ, ಮದ್ವೆ ಗಂಡ್ನಂಗೆ ಓಯ್ತೀನಿ ಮೀಟಿಂಗ್ಗೆ" ಅಂದರು. ಅತ್ತೆ ನಕ್ಕರು. ಚಲುವನೂ ನಕ್ಕ.

ಗೆದ್ದೆ ಅಂತ ಮೇಲೆ ಬರೆದಿದ್ದೇನೆ. ಹೊಡೆದು ಹಾಕುವುದಿಲ್ಲ. ಇರಲಿ.

ಫೆಬ್ರವರಿ 22, ಶನಿವಾರ. ಬೆಳಿಗ್ಗೆ 6

"ನಿನಗೆ ಯಾವಾಗಿಂದ ಗೊತ್ತು?" ಅಂತ ಚಲುವನನ್ನು ಕೇಳಿದೆ.

"ಮೆಷಿನ್ ಬಂದಾಗ್ಲಿಂದ."

"ಬಸುರಿ ಹೆಂಡ್ತಿ ಬಗ್ಗಬಾರದು ಅಂತ ತಂದಿದ್ದು ಅಂದಿದ್ದೆ."

ದೊಡ್ಡ ಉಪಕಾರದ ಗುಟ್ಟು ಬಿಚ್ಚುವವನ ಹಾಗೆ ಹೇಳಿದ. ಅತ್ತೆ ನನಗೆ ಅಂತ ಇನ್ನೊಂದು ಒಗೆಯುವ ಕಲ್ಲು ಹಾಕಿಸಲು ಹೊರಟಿದ್ದರಂತೆ, ದನದ ಕೊಟ್ಟಿಗೆ ಪಕ್ಕಕ್ಕೆ.

"ಕಲ್ಲಾದ್ರೆ ದಿನಾ ನಿನ್ ಕಣ್ಣಿಗೆ ಬೀಳುತ್ತೆ ಮೋಹಿ. ಮೆಷಿನ್ ಆದ್ರೆ ಬರೀ ಟೈಮಿಂಗು. ನಿನಗೆ ನೋವಾಗ್ಬಾರ್ದು ಅಂತಲೇ..."

ಅಷ್ಟು ಪ್ರೀತಿ.

"ಅಮ್ಮನ್ನ ನೆರೆಯೋರ ಮುಂದೆ ನಿಲ್ಲಿಸ್ಬಾರ್ದಾಗಿತ್ತು ನೀನು" ಅಂದ. ಸ್ನಾನಕ್ಕೆ ಹೋದ. ಟವೆಲ್ಲು ಕೊಡು ಅಂತ ಒಳಗಿಂದ ಕೂಗಿದ. ಕೊಟ್ಟೆ.

ಮಾರ್ಚ್ 2, ಭಾನುವಾರ

ಅತ್ತೆಯೇ ಕರೆದರು. ಎಂಟು ದಿನದಿಂದ ಮಾತಿರಲಿಲ್ಲ.

"ಮಗೀನ್ ಬಟ್ಟೆ ನಮ್ದ್ರ ಜತೆಗೇ ಆಕ್ತೀನಿ. ನಮ್ ರಕ್ತ ಅಲ್ವಾ. ಆದ್ರೆ ಒಂದ್ ಮಾತು."

ಒಂದು ನೈಟಿ ಬೇರೆ ಇಡಬೇಕು. ಅದನ್ನು ಅತ್ತೆ ತಮ್ಮ ಲೋಡಿನಲ್ಲಿ ಒಗೆಯುತ್ತಾರೆ. ನಡುಮನೆ ಬಾಗಿಲ ಮೊಳೆಗೆ ನೇತು ಹಾಕುತ್ತಾರೆ. ಗಗನಳನ್ನು ಎತ್ತಿಕೊಳ್ಳುವಾಗ, ಹಾಲು ಕುಡಿಸುವಾಗ ನಾನು ಅದನ್ನೇ ತೊಟ್ಟಿರಬೇಕು.

"ನಿನ್ ಮೈಮ್ಯಾಲಿನ್ ಬಟ್ಟೇಲೇ ಎತ್ಕಂಡು, ಆಮ್ಯಾಕೆ ಅವಳ್ದು ನಮ್ದ್ರ ಜತೆ ಬಿದ್ರೆ, ಬ್ಯಾರೆ ಮಾಡಿ ಏನ್ ಬಂತು? ನೀನೇ ಯೋಳು, ಓದಿದ್ದೀಯ."

ಯೋಚನೆ ಮಾಡಿ ಹೇಳುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ. "ಆಗ್ಲಿ ಅತ್ತೆ" ಅಂದೆ. ಆ ಕ್ಷಣಕ್ಕೇ.

ಮಾರ್ಚ್ 3, ಸೋಮವಾರ. 9.20

ಗಗನಳ ಫ್ರಾಕು ಮೊದಲ ಲೋಡಿನಲ್ಲಿ. ಮುಚ್ಚಳದ ಗಾಜಿನಲ್ಲಿ ಬಗ್ಗಿ ನೋಡಿದೆ. ಚಲುವನ ಶರ್ಟಿನ ತೋಳಿಗೆ ಸುತ್ತಿಕೊಂಡು ತಿರುಗುತ್ತಿತ್ತು. ಆಮೇಲೆ ತಂತಿಯ ಮೇಲೆ ಮಾವನ ಪಂಚೆ ಪಕ್ಕ. ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು.

ಮಾರ್ಚ್ 12, ಬುಧವಾರ

ಮೋಡ. ನೈಟಿ ಒಣಗಿರಲಿಲ್ಲ. ಗಗನ ಅತ್ತು ಅತ್ತು ನೀಲಿ ಆದಳು. ತೊಟ್ಟಿದ್ದ ಚೂಡಿದಾರ್ ಮುಂದೆಲ್ಲ ಹಾಲು ಒಸರಿ ನೆನೆದಿತ್ತು. ಮಗು ಎರಡು ಮಾರು ದೂರ. ಎತ್ತಿಕೊಳ್ಳಬಹುದಿತ್ತು. ಅತ್ತೆ ಮನೆಯಲ್ಲೂ ಇರಲಿಲ್ಲ.

ತಂತಿಯಿಂದ ಒದ್ದೆ ನೈಟಿ ಎಳೆದು ತೊಟ್ಟು, ಆಮೇಲೆ ಎತ್ತಿಕೊಂಡೆ.

ಮಾರ್ಚ್ 14

ಗಗನಳಿಗೆ ಶೀತ. ಎದೆ ಗೊರಗೊರ. ಡಾಕ್ಟರು ಕೇಳಿದರು, ಒದ್ದೆ ಬಟ್ಟೆಯಲ್ಲಿ ಇಟ್ಟಿದ್ರಾ? ಇಲ್ಲ ಅಂದೆ.

ಅತ್ತೆ ಇನ್ನೊಂದು ನೈಟಿ ತರಿಸಿದರು. ಈಗ ಮೊಳೆಗೆ ಎರಡು. ಅಭ್ಯಾಸ ಆಗಿದೆ. ಬದಲಾಯಿಸಲು ಹನ್ನೊಂದು ಸೆಕೆಂಡು, ಎಣಿಸಿದ್ದೇನೆ.

ಏಪ್ರಿಲ್ 3, ಗುರುವಾರ. ಸಂಜೆ 5

ಅವ್ವ ಬಂದಿದ್ದಳು. ಮಳವಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ. ರಾತ್ರಿ ಇದ್ದು ಹೋಗುತ್ತೇನೆ ಅಂತ ಸೀರೆ ತಂದಿದ್ದಳು. ರಾಗಿ ಸರಿ ಹಿಟ್ಟು. ತನ್ನ ಹಳೇ ಹತ್ತಿ ಸೀರೆ ಹರಿದು ಕೈಯಲ್ಲೇ ಹೊಲಿದ ಆರು ಜುಬ್ಬ, ಗಗನಳಿಗೆ.

ಅತ್ತೆ ಚೆನ್ನಾಗಿಯೇ ಮಾತಾಡಿಸಿದರು. "ಬನ್ನಿ ಬೀಗ್ತಿ, ಬಿಸ್ಲಲ್ ಬಂದಿದ್ದೀರ, ಮಜ್ಗೆ ಕುಡೀರಿ." ಕೊಟ್ಟ ಲೋಟವೂ ನಾವು ಕುಡಿಯುವ ಲೋಟವೇ.

ಅವ್ವ ಗಗನಳನ್ನು ಎತ್ತಿಕೊಂಡಳು. ಬಿಡಲೇ ಇಲ್ಲ. "ಅಯ್ ನನ್ ಬಂಗಾರಿ, ನಿಮ್ಮವ್ವನೂ ಇಂಗೇ ಇದ್ಲು ಕಣೇ, ಮೂಗು ಮಾತ್ರ ಚಪ್ಟೆ!" ಗಗನ ಕೇಕೆ ಹಾಕಿದಳು. ಅವ್ವನ ಸೀರೆ ಸೆರಗು ಬಾಯಿಗೆ ಇಟ್ಟುಕೊಂಡಳು.

ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಸೊಪ್ಪು ಬಿಡಿಸುತ್ತಿದ್ದರು.

ನಾನೇ ಎದ್ದೆ. ಮೊಳೆಯ ನೈಟಿ ತೊಟ್ಟು ಬಂದು, ಅವ್ವನ ಕೈಯಿಂದ ಮಗು ತಗೊಂಡು, ಫ್ರಾಕು ಬಿಚ್ಚಿದೆ. ಅತ್ತೆಯ ಬುಟ್ಟಿ ಹತ್ತಿರವೇ ಇತ್ತು. ಅದಕ್ಕೆ ಹಾಕಲಿಲ್ಲ. ಹಿತ್ತಲಿಗೆ ನಡೆದು ಹೋಗಿ ನನ್ನ ಬಕೆಟ್ಟಿಗೆ ಹಾಕಿದೆ. ಅವ್ವ ಹಿಂದೆಯೇ ಬಂದಿದ್ದಳು.

"ಯಾಕವ್ವ ಬಿಚ್ದೆ? ಮಗ ಒದ್ದೆ ಮಾಡ್ಕಂಡಿಲ್ವಲ್ಲ."

"ಹಾಲು ಕಕ್ಕಿದ್ಲು."

ಅವ್ವ ಬಗ್ಗಿ ಫ್ರಾಕು ಎತ್ತಿದಳು. ಮೂಸಿದಳು. ನನ್ನ ಬಕೆಟ್ಟು ನೋಡಿದಳು, ಒಳಗಿನ ಬುಟ್ಟಿ ನೋಡಿದಳು, ನೈಟಿ ನೋಡಿದಳು. ನಲವತ್ತು ವರ್ಷ ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿದವಳು, ಯಾರ ಮನೆಯಲ್ಲಿ ಎಲ್ಲಿ ನಿಲ್ಲಬೇಕು ಅಂತ ಹೇಳಿಸಿಕೊಂಡವಳಲ್ಲ. ಫ್ರಾಕನ್ನು ಮಡಚಿ, ಮೆಲ್ಲಗೆ ಬಕೆಟ್ಟಿಗೇ ವಾಪಸ್ ಇಟ್ಟಳು.

"ನಾಕು ಗಂಟೆ ಬಸ್ಸಿಗೇ ಒಂಟೋಯ್ತೀನಿ ಕಣವ್ವ. ನಿಮ್ಮಪ್ಪ ಒಬ್ನೇ ಅವ್ನೆ."

ಇರು ಅನ್ನಲಿಲ್ಲ ನಾನು.

ಬಸ್ಸು ಹತ್ತಿಸಿ ಬಂದೆ. ಅತ್ತೆ ಕಾಫಿ ಮಾಡಿ ಇಟ್ಟಿದ್ದರು. ನನಗೆ. ಇಷ್ಟು ದಿನದಲ್ಲಿ ಮೊದಲ ಸಲ.

"ಕೂತ್ಕ ಮಗ. ನಾಳಿಂದ ನಿನ್ ಬಟ್ಟೇನೂ ನಮ್ದ್ರ ಜತೇಲೇ ಆಕ್ಬುಡು. ನೀನೀಗ ನಮ್ಮೋಳಾದೆ."

ಏಪ್ರಿಲ್ 4, ಶುಕ್ರವಾರ. ಬೆಳಿಗ್ಗೆ 8.10

ಮೆಷಿನ್ ತಿರುಗುತ್ತಿದೆ. ಎಲ್ಲರದೂ ಅದರಲ್ಲಿ. ಎರಡನೇ ಲೋಡು ಇಲ್ಲ ಇವತ್ತು. ಬಕೆಟ್ಟಿನಲ್ಲಿದ್ದ ಆ ಫ್ರಾಕೊಂದನ್ನು ಕೈಯಲ್ಲಿ ಒಗೆದೆ, ಬೆಳಕು ಹರಿಯುವ ಮುಂಚೆ.

ಅವ್ವ ಫೋನ್ ಮಾಡಿದ್ದಳು. ಏನೂ ನಡೆದೇ ಇಲ್ಲ ಅನ್ನುವ ಹಾಗೆ ದನಿ. ಮಗ ಎದ್ದಳಾ, ಕೆಮ್ಮು ಹೋಯಿತಾ.

"ಜುಬ್ಬ ಆಕಿದ್ಯಾ? ಸರ್ಯಾಗದಾ?"

"ಸರಿಯಾಗಿದೆ ಅವ್ವ. ಹಾಕಿದೀನಿ."

"ಒಂದ್ ಪೋಟ ಕಳ್ಸವ್ವ. ನಿಮ್ಮಪ್ಪ ನೋಡ್ಬೇಕಂತೆ."

ಆರೂ ಚೀಲದಲ್ಲೇ ಇವೆ, ಮಂಚದ ಕೆಳಗೆ. ಬಿಚ್ಚಿಲ್ಲ. ಹನ್ನೊಂದಕ್ಕೆ ಅತ್ತೆ ಗದ್ದೆ ಕಡೆ ಹೋಗುತ್ತಾರೆ. ಆಗ ಒಂದನ್ನು ತೊಡಿಸಿ, ಬೇಗ ಫೋಟೋ ತೆಗೆದು, ಬಿಚ್ಚಿ, ಗಗನಳ ಮೈ ಒರೆಸಿ, ಜುಬ್ಬವನ್ನು ಮತ್ತೆ ಚೀಲಕ್ಕೆ ಹಾಕಬೇಕು.