ಒಂದೇ ಗುಂಡಿನ ಕೋವಿ

ಅಲ್ ಕುಸೈಸ್, ದುಬೈ
23 ನವೆಂಬರ್ 2025

ಮುದ್ದು ಡೆಬ್ಬಿ,

ನಿನಗೂ ಕಾಲೆಬ್‌ಗೂ ಮಮ್ಮಿಯ ಪ್ರೀತಿ. ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನನ್ನ ಅರ್ಧ ಮಾತಿಗೇ ನೀನು ‘ಬಟ್ ಮಮ್ಮಿ’ ಅನ್ನುತ್ತೀ. ನಮ್ಮೂರು ಶಿರ್ವದ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕನ್ನಡ ನಿನಗೆ ಮರೆತಿಲ್ಲ, ಆದರೆ ಓದುವುದು ನಿಧಾನ. ಇದು ನಿಧಾನ ಓದಬೇಕಾದ ವಿಷಯವೇ.

ಈಸ್ಟರ್ ದಿನದ ವಿಡಿಯೊ ಕಾಲ್ ನೆನಪಿದೆಯಲ್ಲ? ಕಾಲೆಬ್ ಪಾಪ, ಸಂತೋಷದಿಂದ ಅಲ್ಲಿ ಅಮೆರಿಕದ ಮನೆಯ ಗೋಡೆಯ ಮೇಲಿನ ಜಿಂಕೆ ತಲೆ ತೋರಿಸಿದ, ಬಾಯಿಯಿಂದ ಮದ್ದು ತುಂಬುವ ಕೋವಿ ತೋರಿಸಿದ, ಬರುವ ಜನವರಿ ಬೇಟೆಗೆ ಡೆಬ್ಬಿಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದ. ಪಪ್ಪ ಎದ್ದು ಹೋದರು. ಆಮೇಲೆ ನಿನ್ನೊಡನೆ ಮಾತೇ ಇಲ್ಲ. ನೀನು ಮೆಚ್ಚಿದ ಹುಡುಗ ಬಿಳಿಯ, ನಮ್ಮವನಲ್ಲ ಅನ್ನುವ ಸಿಟ್ಟು ಎಂದು ನೀನು ತಿಳಿದೆ. ನಾನೂ ಹಾಗೇ ತಿಳಿದಿದ್ದೆ.

ಹೋದ ಶನಿವಾರ ಊಟವಾದ ಮೇಲೆ ನೋಡುತ್ತೇನೆ, ಇವರು ಸೋಫಾದಲ್ಲಿ ಕುಳಿತು ಮೊಬೈಲಿನಲ್ಲಿ ಅಂಥದ್ದೇ ಕೋವಿಯ ವಿಡಿಯೊ ನೋಡುತ್ತಿದ್ದಾರೆ. ನನಗೆ ರೇಗಿಹೋಯಿತು. “ಮಗಳತ್ರ ಮಾತಾಡ್ಲಿಕ್ಕೆ ಆಗುದಿಲ್ಲ, ಇದು ನೋಡ್ಲಿಕ್ಕೆ ಆಗ್ತದಾ?” ಎಂದೆ. ಪಪ್ಪ ತಲೆ ಎತ್ತಲಿಲ್ಲ. “ಹಿಲರಿಯಣ್ಣ ಬಂಡೆಯಿಂದ ಬಿದ್ದು ಸತ್ತದ್ದಲ್ಲ ಗರ್ಟಿ,” ಎಂದರು.

ಇಷ್ಟು ವರ್ಷ ಸಂಸಾರ ಮಾಡಿದ ನನಗೂ ಗೊತ್ತಿರಲಿಲ್ಲ. ನಮ್ಮ ಮದುವೆಗೂ ಮೊದಲು, ಊರಲ್ಲಿ ನಿನ್ನ ದೊಡ್ಡಪ್ಪ ಹಿಲರಿ ಕಡವೆ ಬೇಟೆಗೆ ಹೋಗಿದ್ದರಂತೆ. ಹಿಂದೆಯೇ ಪಪ್ಪ. ಪೊದೆಯೊಳಗೆ ದೊಡ್ಡಪ್ಪನ ಖಾಕಿ ಅಂಗಿ ಅಲುಗಿದ್ದನ್ನು ಕಡವೆ ಎಂದುಕೊಂಡು, ಆಚೆ ಕೂತಿದ್ದ ನೆರೆಮನೆಯವರು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಿಂದ ಹೊಡೆದುಬಿಟ್ಟರು. ಲೈಸೆನ್ಸ್ ಇದ್ದದ್ದು ಗದ್ದೆಗೆ ಬರುವ ಹಂದಿಯನ್ನು ಹೆದರಿಸಲು ಮಾತ್ರ. ಕಡವೆಗೆ ಕೋವಿ ಎತ್ತಿದರೆ ಜೈಲು. ಹೋದವರೆಲ್ಲ ಸಿಕ್ಕಿಬೀಳುತ್ತಾರೆಂದು ಹಿರಿಯರು ಸೇರಿ ಬಂಡೆಯ ಕಥೆ ಕಟ್ಟಿದರು. ಪಪ್ಪನ ಬಾಯಿಗೂ ಅಂದೇ ಬೀಗ ಬಿತ್ತು. ಅಣ್ಣನಿಗಾಗಿ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಅಳಲೂ ಆಗಲಿಲ್ಲ ಅಂದರು. ಹೇಳುತ್ತಾ ಅತ್ತರು, ಡೆಬ್ಬಿ. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

ಆಮೇಲೆ ತಾವೇ ಎಲ್ಲ ಹೇಳತೊಡಗಿದರು. ಕಾಲೆಬ್ ತೋರಿಸಿದ ಕೋವಿ ಹಳೆಯದಲ್ಲವಂತೆ. ಮದ್ದು ಈಗ ಗುಳಿಗೆಯ ಹಾಗೆ ಅಚ್ಚಾಗಿ ಬರುತ್ತದೆ, ಕಿಡಿ ಹೊತ್ತಿಸುವ ಕೇಪು ಹಿಂದುಗಡೆ ಒಳಗೆ ಕೂರುತ್ತದೆ, ಮಳೆಗೆ ಸುಲಭಕ್ಕೆ ಒದ್ದೆಯಾಗುವುದಿಲ್ಲ, ಮೇಲೊಂದು ದುರ್ಬೀನು ಬೇರೆ. ಆದರೆ ಗುಂಡನ್ನು ಈಗಲೂ ಬಾಯಿಯಿಂದಲೇ ಕಂಬಿಯಲ್ಲಿ ತಳ್ಳಬೇಕು, ಒಂದು ಸಲಕ್ಕೆ ಒಂದೇ ಗುಂಡು. “ಒಂದೇ ಆದ್ರೆ ಮನುಷ್ಯ ಸರಿ ನೋಡಿ ಹೊಡಿತಾನಾ ಗರ್ಟಿ?” ಎಂದು ಕೇಳಿದರು.

ನಿಮ್ಮ ಓಹಿಯೊದ ಬೇಟೆ ನಿಯಮಗಳನ್ನೂ ಡಿಕ್ಷನರಿ ಹಿಡಿದು ಓದಿದ್ದಾರೆ. ಋತುವಿನಲ್ಲಿ ಮಾತ್ರ, ಪರವಾನಗಿ ಇದ್ದವರು ಮಾತ್ರ, ಕತ್ತಲಾದ ಮೇಲೆ ಇಲ್ಲ, ದೂರದಿಂದಲೇ ಮನುಷ್ಯನೆಂದು ತಿಳಿಯಲು ಮೈಮೇಲೆ ಕಿತ್ತಳೆ ಬಣ್ಣ ಇರಲೇಬೇಕು. ಹೇಳುತ್ತಾ ಆ ಬಣ್ಣದ ಮಾತಿಗೆ ಬಂದು ನಿಂತರು. “ನಮ್ಮಲ್ಲಿ ಕದ್ದು ಹೋಗುದು. ಕದ್ದು ಹೋಗುವವ ಬಣ್ಣದ ಅಂಗಿ ಹಾಕ್ತಾನಾ?” ಎಂದರು.

ಮರುದಿನ ವರ್ಕ್‌ಶಾಪಿನ ಗೆಳೆಯ ಸಿದ್ದೀಕಣ್ಣನನ್ನು ಜೊತೆ ಮಾಡಿಕೊಂಡು ರಾಸ್ ಅಲ್ ಖೋರ್‌ನಲ್ಲಿ ಕೆಲಸಗಾರರ ಬಟ್ಟೆ ಮಾರುವ ಅಂಗಡಿಗಳನ್ನೆಲ್ಲ ಸುತ್ತಿದರು. ಎಲ್ಲ ಕಡೆ ತೋಳಿಲ್ಲದ ಹಳದಿ ವೆಸ್ಟನ್ನೇ ತೋರಿಸುತ್ತಾರಂತೆ. “ಹಳದಿ ಮಾಫಿ, ಹಳದಿ ಬೇಡ, ಆರೆಂಜ್!” ಎಂದು ಪಪ್ಪ ಜಗಳಕ್ಕೇ ನಿಂತರೆಂದು ಸಿದ್ದೀಕಣ್ಣ ನಕ್ಕು ಹೇಳಿದರು. ಇಂಥ ವೆಸ್ಟ್ ಅಮೆರಿಕದಲ್ಲೇ ಸಿಗುತ್ತದೆ ಎಂದು ನಾನೂ ಹೇಳಿದೆ. “ಸಿಗ್ಲಿ. ಇದು ನಾನು ಕೊಟ್ಟದ್ದು,” ಎಂದರು. ಕಾಗದದ ಜೊತೆಗಿರುವ ಕಟ್ಟು ಅದೇ.

ಬೇಟೆಗೆ ಹೋಗು, ಹೋಗಬೇಡ ಎಂದು ನಾನು ಹೇಳುವುದಿಲ್ಲ. ದೊಡ್ಡಪ್ಪನ ಸಂಗತಿಯನ್ನು ಕಾಲೆಬ್‌ಗೆ ಹೇಳು, ಕೂತು ಇಬ್ಬರೂ ಯೋಚನೆ ಮಾಡಿ. ಮತ್ತೆ ಒಂದು ಸಲ ಪಪ್ಪನಿಗೆ ನೇರ ಫೋನ್ ಮಾಡು, ಮಗಾ. ಅವರು ಮೊದಲು ಹವಾಮಾನ ಕೇಳುತ್ತಾರೆ. ಅಲ್ಲಿ ಎಷ್ಟು ಚಳಿ ಎಂದು ಸಾವಕಾಶ ಹೇಳು, ಫೋನ್ ಇಡಬೇಡ.

ನಿನ್ನನ್ನೇ ನೆನೆಯುತ್ತಾ,
ಮಮ್ಮಿ ಗರ್ಟ್ರೂಡ್

ಮರೆತೆ: ಕಟ್ಟಿನಲ್ಲಿ ವೆಸ್ಟ್ ಎರಡು ಉಂಟು. ಚಿಕ್ಕದು ನಿನಗೆ. ದೊಡ್ಡದರ ಅಳತೆ ಯಾರದ್ದೆಂದು ಅಂಗಡಿಯವ ಕೇಳಿದಾಗ ಪಪ್ಪ ಕೈ ಮೇಲೆತ್ತಿ ತೋರಿಸಿ, “ನನ್ನ ಅಳಿಯ ಇಷ್ಟೆತ್ತರ ಇದ್ದಾನೆ” ಎಂದರಂತೆ. ಅಳಿಯ ಎಂದರು, ಡೆಬ್ಬಿ. ಸಿದ್ದೀಕಣ್ಣ ತಾವೇ ಕಿವಿಯಾರೆ ಕೇಳಿದ್ದಾರೆ.